ಕೃಷ್ಣದೇವರಾಯನ ಕಾಲದವನೊಬ್ಬ ಇಂದೂ ಬದುಕಿದ್ದರೆ

ಪ್ರಶ್ನೆ: ನಾನು ಹೊಸಪೇಟೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಒಂದು ವೈಜ್ಞಾನಿಕ ಕಾದಂಬರಿಗೆ ಕೈಹಾಕಿದ್ದೇನೆ. ಕೃಷ್ಣದೇವರಾಯನ ಕಾಲದಲ್ಲಿ ಹಂಪಿಯಲ್ಲಿ ಹುಟ್ಟಿದ ಕಲ್ಲುಕುಟಿಗನೊಬ್ಬ ಇವತ್ತಿಗೂ ನಮ್ಮ ಊರಲ್ಲೇ ಬದುಕಿದ್ದಾನೆ ಎಂಬುದು ಕತೆ. ಮನುಷ್ಯ ಐನೂರು ವರ್ಷ ಬದುಕುವುದು ಸಾಧ್ಯವೇ? ಸಾಧ್ಯವಾದರೆ ಅವನ ದೇಹ, ಮನಸ್ಸು ಹೇಗಿದ್ದೀತು?
— ಓದುಗರು, ಹೊಸಪೇಟೆ

ಉತ್ತರ: ನಿಮ್ಮ ಕಲ್ಲುಕುಟಿಗ ಎಷ್ಟು ವರ್ಷ ಬದುಕುತ್ತಾನೆ ಎಂದು ಕೇಳುವ ಮೊದಲು ಅವನಿಗೆ ಮುಪ್ಪು ಬರುತ್ತದೋ ಇಲ್ಲವೋ ಎಂದು ತೀರ್ಮಾನಿಸಿಕೊಳ್ಳಿ. ಇವೆರಡೂ ಬೇರೆ ಬೇರೆ ಸಂಗತಿಗಳು. ಈ ವ್ಯತ್ಯಾಸ ಕಾಣಲು ನೀವು ದೂರ ಹೋಗಬೇಕಿಲ್ಲ. ಹೊಳೆಯಾಚೆಯ ಆನೆಗೊಂದಿ ಸೀಮೆಯನ್ನೇ ನಮ್ಮ ಜನ ಕಿಷ್ಕಿಂಧೆ ಎಂದು ನಂಬಿಕೊಂಡು ಬಂದಿದ್ದಾರೆ. ವಾಲ್ಮೀಕಿಯ ಕಿಷ್ಕಿಂಧಾಕಾಂಡದ ಕೊನೆಯಲ್ಲಿ ವಾನರರು ಕಡಲ ದಡದಲ್ಲಿ ಕೂತು, ನೂರು ಯೋಜನ ಹಾರಬಲ್ಲವರು ಯಾರು ಎಂದು ಲೆಕ್ಕ ಹಾಕುತ್ತಾರೆ. ಗಜ ಹತ್ತು ಅನ್ನುತ್ತಾನೆ, ಗವಾಕ್ಷ ಇಪ್ಪತ್ತು ಅನ್ನುತ್ತಾನೆ. ಜಾಂಬವಂತನ ಸರದಿ ಬಂದಾಗ ಅವನು ತೊಂಬತ್ತಕ್ಕೆ ನಿಲ್ಲುತ್ತಾನೆ. ಪ್ರಾಯದಲ್ಲಿ ತ್ರಿವಿಕ್ರಮನಿಗೇ ಪ್ರದಕ್ಷಿಣೆ ಹಾಕಿದ್ದೆ, ಈಗ ವಯಸ್ಸಾಯಿತು, ಆ ಶಕ್ತಿ ಇಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಅದೇ ದಡದಲ್ಲಿ ಸುಮ್ಮನೆ ಕೂತಿದ್ದ ಹನುಮಂತ ಚಿರಂಜೀವಿ, ಮುಪ್ಪಿನ ಸೋಂಕಿಲ್ಲದವನು. ಇಬ್ಬರೂ ದೀರ್ಘಾಯುಗಳು. ಒಬ್ಬ ಸವೆಯುತ್ತಾ ಬದುಕುತ್ತಾನೆ, ಇನ್ನೊಬ್ಬ ಸವೆಯುವುದೇ ಇಲ್ಲ.

ಪಶ್ಚಿಮದ ವೈಜ್ಞಾನಿಕ ಕತೆಗಳೂ ಈ ಎರಡು ದಾರಿಯಲ್ಲೇ ನಡೆದಿವೆ. ಜೊನಾಥನ್ ಸ್ವಿಫ್ಟ್ 1726ರಲ್ಲಿ ಪ್ರಕಟಿಸಿದ ಗಲಿವರನ ಪ್ರವಾಸದಲ್ಲಿ ಸಾವಿಲ್ಲದ ಒಂದು ಜನ ಬರುತ್ತದೆ. ಅವರಿಗೆ ಸಾವಿಲ್ಲ, ಆದರೆ ಮುಪ್ಪು ಬಿಟ್ಟಿಲ್ಲ. ಎಂಬತ್ತು ತುಂಬುತ್ತಲೇ ಕಾನೂನಿನ ಲೆಕ್ಕದಲ್ಲಿ ಅವರು ಸತ್ತವರು, ಆಸ್ತಿ ವಾರಸುದಾರರ ಪಾಲು. ಝೆಕ್ ಲೇಖಕ ಕಾರೆಲ್ ಚಾಪೆಕ್‌ನ 1922ರ ನಾಟಕದ ಗಾಯಕಿ ಎಲಿನಾ ಮಾಕ್ರೊಪುಲೋಸ್ ಮೂರು ಶತಮಾನ ದಾಟಿದರೂ ಚೆಲುವೆಯಾಗಿಯೇ ಇದ್ದಾಳೆ, ಕಂಠವೂ ಹಾಗೇ ಇದೆ. ಬತ್ತಿಹೋದದ್ದು ಬದುಕಿನ ಮೇಲಿನ ಆಸೆ. ನಿಮ್ಮ ನಾಯಕ ಜಾಂಬವಂತನ ದಾರಿಯವನಾದರೆ ಐನೂರನೇ ವರ್ಷಕ್ಕೆ ಅವನನ್ನು ಹಾಸಿಗೆಯಿಂದ ಏಳಿಸುವುದೂ ಕಷ್ಟ. ಆದ್ದರಿಂದ ಅವನು ಹನುಮಂತನ ದಾರಿಯವನೆಂದೇ ಇಟ್ಟುಕೊಂಡು ಮುಂದೆ ಹೇಳುತ್ತೇನೆ.

ಮೊದಲು ಇಂದಿನ ಮನುಷ್ಯನ ಗಡಿ ಯಾವುದು ನೋಡೋಣ. ದಾಖಲೆಯ ಆಧಾರವಿರುವ ಅತಿ ದೀರ್ಘ ಆಯುಸ್ಸು ಫ್ರಾನ್ಸಿನ ಜೀನ್ ಕಾಲ್ಮನ್ ಅವರದು: 1875ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡಾಗ 122 ವರ್ಷ 164 ದಿನ. ಆಮೇಲೆ ಇಷ್ಟು ವರ್ಷ ಕಳೆದರೂ ಯಾರೂ ಆ ಗೆರೆ ದಾಟಿಲ್ಲ. ಸ್ವಾತಂತ್ರ್ಯದ ಹೊತ್ತಿಗೆ ಸುಮಾರು 32 ಇದ್ದ ಭಾರತೀಯರ ಸರಾಸರಿ ಆಯುಸ್ಸು ಈಗ 70ರ ಆಸುಪಾಸಿಗೆ ಬಂದಿದೆ. ಆದರೆ ಅದರಲ್ಲಿ ದೊಡ್ಡ ಪಾಲು ಕೂಸುಗಳ ಸಾವು ತಗ್ಗಿದ್ದರಿಂದ ಬಂದದ್ದು. ಮೇಲಿನ ಗಡಿ ಸರಿದದ್ದಲ್ಲ. ಬೆಂಜಮಿನ್ ಗೊಂಪರ್ಟ್ಸ್ ಎಂಬ ಇಂಗ್ಲಿಷ್ ಗಣಿತಜ್ಞ 1825ರಲ್ಲೇ ಇದರ ಲೆಕ್ಕ ಹಿಡಿದಿದ್ದ. ಮೂವತ್ತು ದಾಟಿದ ಮೇಲೆ ಸಾವಿನ ಅಪಾಯ ಸುಮಾರು ಎಂಟು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತಾ ಹೋಗುತ್ತದೆ. ಮೂವತ್ತರಲ್ಲಿ ಸಾವಿರಕ್ಕೊಂದು ಇದ್ದದ್ದು ನೂರಹತ್ತರ ಹೊತ್ತಿಗೆ ಹೆಚ್ಚುಕಡಿಮೆ ಅರ್ಧಕ್ಕರ್ಧ ಆಗಿರುತ್ತದೆ.

ಕರ್ನಾಟಕ ಆ ಎತ್ತರದ ಹತ್ತಿರ ಹೋದವರನ್ನು ಕಂಡಿದೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 1907ರಿಂದ 2019ರವರೆಗೆ, 111 ವರ್ಷ ಬಾಳಿದರು. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದು 1913ರ ಆಗಸ್ಟಿನಲ್ಲಿ, ಹೋದದ್ದು 2021ರ ಏಪ್ರಿಲ್‌ನಲ್ಲಿ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದಾಗ ಅವರಿಗೆ 97 ವರ್ಷ. ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪ್ರಶ್ನೆಗಳಿಗೆ ಅವರು ಉತ್ತರಿಸುತ್ತಿದ್ದ ರೀತಿ ಈ ಕೆಲಸಕ್ಕೆ ಕೂತ ನನ್ನಂಥವರಿಗೆ ಇವತ್ತಿಗೂ ಮೇಲ್ಪಂಕ್ತಿ. ಆ ವಯಸ್ಸಿನಲ್ಲೂ ಒಂದು ಪದದ ಬೆನ್ನು ಹತ್ತಿ ಹೋಗುವ ಕುತೂಹಲ ಉಳಿಯಬಲ್ಲದು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಇವರಿಬ್ಬರ ಹುಟ್ಟಿದ ದಿನ ನಮಗೆ ಗೊತ್ತು. ನಿಮ್ಮ ಸೀಮೆಯ ಎಷ್ಟೋ ಹಿರಿಯರದು ಗೊತ್ತಿಲ್ಲ. ಕಂಪ್ಲಿ ಕಡೆಯ ಹಳ್ಳಿಗಳಲ್ಲಿ ಅಜ್ಜಿಯರನ್ನು ವಯಸ್ಸು ಕೇಳಿ ನೋಡಿ, ‘ಡ್ಯಾಂ ಕಟ್ಟೋ ಮುಂದ ನಾನು ಸಣ್ಣಾಕಿ ಇದ್ದೆ’ ಎಂಬಂಥ ಉತ್ತರ ಬರುತ್ತದೆ. ಜನನ-ಮರಣ ನೋಂದಣಿಯ ಕಾಯ್ದೆ ಇಡೀ ದೇಶಕ್ಕೆ ಬಂದದ್ದೇ 1969ರಲ್ಲಿ. ಅದಕ್ಕೂ ಮೊದಲು, ಆಮೇಲೂ ಎಷ್ಟೋ ವರ್ಷ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದೇ ಜನ್ಮದಿನ. ಜೂನ್ 1 ಎಂಬ ಜನ್ಮದಿನ ನಮ್ಮಲ್ಲಿ ಅಷ್ಟೊಂದು ಜನರಿಗೆ ಇರುವುದು ಅದಕ್ಕೇ. ಲೋಕದಲ್ಲಿ ಶತಾಯುಷಿಗಳು ಹೆಚ್ಚೆಂದು ಹೆಸರಾದ ಎಷ್ಟೋ ಜಾಗಗಳಲ್ಲಿ ನಿಜವಾಗಿ ಹೆಚ್ಚಿರುವುದು ದಾಖಲೆಯ ತಪ್ಪುಗಳು ಎಂದು ತೋರಿಸಿದ ಸಂಶೋಧಕರೂ ಇದ್ದಾರೆ. ಇದು ನಿಮ್ಮ ಕತೆಗೆ ಅನುಕೂಲ. ಕಾಗದವಿಲ್ಲದ ಕಾಲದಿಂದ ಬಂದವನು ಕಾಗದದ ಕಾಲಕ್ಕೆ ಜಾರಿಕೊಳ್ಳಲು ಒಂದು ಜೂನ್ 1 ಸಾಕು. ಪ್ರತಿ ನಲವತ್ತು ವರ್ಷಕ್ಕೊಮ್ಮೆ ಅವನು ಹೊಸಪೇಟೆಯಿಂದ ಕಂಪ್ಲಿಗೆ, ಕಂಪ್ಲಿಯಿಂದ ಸಂಡೂರಿಗೆ ಊರು ಬದಲಿಸಿ ತನ್ನ ಮಗನೇ ತಾನೆಂದು ಹೇಳಿಕೊಳ್ಳಬಹುದು. ಆಧಾರ್ ಬಂದ ಮೇಲೆ ಈ ದಾರಿ ಮುಚ್ಚಿತು. ಬೆರಳಚ್ಚು ಬದಲಾಗುವುದಿಲ್ಲವಲ್ಲ. ಕತೆ ಇಂದಿನ ದಿನದಲ್ಲೇ ಬಿಗಿಯಾಗಲು ಇದೊಂದೇ ಕಾರಣ ಸಾಕು.

ಇನ್ನು ಮುಪ್ಪು ಏಕೆ ಬರುತ್ತದೆ? ನಿಮ್ಮ ಪಠ್ಯದಲ್ಲಿ ಇದರ ಅರ್ಧ ಈಗಾಗಲೇ ಇದೆ. 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್, ಮನುಷ್ಯನ ಜೀವಕೋಶಗಳು ಸುಮಾರು ಐವತ್ತು ಬಾರಿ ಒಡೆದು ನಿಂತುಬಿಡುತ್ತವೆ ಎಂದು ತೋರಿಸಿದ. ವರ್ಣತಂತುಗಳ ತುದಿಯ ಟೆಲೊಮಿಯರ್ ಪ್ರತಿ ಸಲವೂ ಸವೆಯುವುದು ಅದಕ್ಕೆ ಮುಖ್ಯ ಕಾರಣ; ಆ ತುದಿಗಳ ಗುಟ್ಟು ಬಿಡಿಸಿದ ಬ್ಲ್ಯಾಕ್‌ಬರ್ನ್, ಗ್ರೈಡರ್, ಶೋಸ್ಟಾಕ್ ಅವರಿಗೆ 2009ರ ನೊಬೆಲ್ ಬಂತು. ಆ ತಡೆಯನ್ನು ಕಿತ್ತುಹಾಕಿದರೆ ಕ್ಯಾನ್ಸರ್ ಬಾಗಿಲು ತೆರೆಯುತ್ತದೆ. ಜೊತೆಗೆ ಡಿಎನ್‌ಎಗೆ ಆಗುವ ಗಾಯಗಳು, ಮಡಿಕೆ ಕೆಟ್ಟ ಪ್ರೋಟೀನುಗಳು, ಸಾಯದೆ ಕೂತು ಸುತ್ತಮುತ್ತ ಉರಿಯೂತ ಹಬ್ಬಿಸುವ ಮುದಿ ಕೋಶಗಳು. ಇವೆಲ್ಲ ವಿವರವಾಗಿ ಬೇಕಿದ್ದರೆ ವೆಂಕಿ ರಾಮಕೃಷ್ಣನ್ ಅವರ 2024ರ ‘ವೈ ವಿ ಡೈ’ ಓದಿ. ಆಸೆ ಹುಟ್ಟಿಸಿ ಮೋಸ ಮಾಡದ ಪುಸ್ತಕ.

ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಇನ್ನೊಂದು ಅರ್ಧ. ಆಯುಸ್ಸು ಭೌತಶಾಸ್ತ್ರ ಹಾಕಿದ ಗಡಿಯಲ್ಲ. ಒಂದು ಜೀವಿ ಹೊರಗಿನ ಕಾರಣಗಳಿಂದ ಬೇಗ ಸಾಯುವುದೇ ಹೆಚ್ಚಾದರೆ, ಅದರ ಮೈಯನ್ನು ಬಹುಕಾಲ ರಿಪೇರಿ ಮಾಡಿಟ್ಟುಕೊಳ್ಳುವ ಗುಣವನ್ನು ವಿಕಾಸ ಉಳಿಸುವುದಿಲ್ಲ. ಹಂಪಿಯ ಹಾಳು ಗುಡಿಗಳ ಕತ್ತಲಲ್ಲಿ ನೇತಾಡುವ ಬಾವಲಿಗಳನ್ನು ನೀವು ನೋಡಿರುತ್ತೀರಿ. ಇಲಿಯ ಆಯುಸ್ಸು ಎರಡು-ಮೂರು ವರ್ಷ. ಆದರೆ ಸೈಬೀರಿಯಾದಲ್ಲಿ ಗುರುತಿನ ಬಳೆ ಹಾಕಿ ಬಿಟ್ಟಿದ್ದ, ಏಳೇ ಗ್ರಾಂ ತೂಕದ ಒಂದು ಬಾವಲಿ 41 ವರ್ಷದ ನಂತರ ಮತ್ತೆ ಕೈಗೆ ಸಿಕ್ಕಿತು. ಹಾರಬಲ್ಲದ್ದಕ್ಕೆ ಬೆಕ್ಕು-ಹಾವುಗಳ ಭಯ ಕಡಿಮೆ. ಹಾಗಾಗಿ ಮೈಯ ರಿಪೇರಿಗೆ ಹಾಕಿದ ಬಂಡವಾಳ ವ್ಯರ್ಥವಾಗಲಿಲ್ಲ.

ವಿರೂಪಾಕ್ಷ ಗುಡಿಯ ಆನೆ ಲಕ್ಷ್ಮಿ ಇನ್ನೊಂದು ಪಾಠ. ಅಷ್ಟು ದೊಡ್ಡ ಮೈಯಲ್ಲಿ ಅಷ್ಟೊಂದು ಕೋಶಗಳಿದ್ದೂ ಆನೆಗಳಿಗೆ ಕ್ಯಾನ್ಸರ್ ವಿರಳ. ಕೆಟ್ಟ ಕೋಶಗಳನ್ನು ಗುರುತಿಸಿ ಕೊಲ್ಲಿಸುವ ಪಿ53 ಎಂಬ ಜೀನಿನ ಇಪ್ಪತ್ತು ಪ್ರತಿಗಳು ಆನೆಯಲ್ಲಿವೆ ಎಂದು 2015ರಲ್ಲಿ ತಿಳಿಯಿತು. ನಮ್ಮಲ್ಲಿ ಇರುವುದು ಒಂದು. ಹೀಗೆ ಕ್ಯಾನ್ಸರ್ ಗೆದ್ದ ಪ್ರಾಣಿ ಸೋಲುವುದು ಹಲ್ಲಿಗೆ. ಆನೆಗೆ ಆಯುಸ್ಸಿನಲ್ಲಿ ಆರು ಸಲ ದವಡೆಹಲ್ಲು ಬರುತ್ತದೆ. ಆರನೆಯದೂ ಸವೆದ ಮೇಲೆ, ಅರವತ್ತು-ಎಪ್ಪತ್ತರ ಹೊತ್ತಿಗೆ, ಕಾಡಾನೆ ಮೇವು ಅಗಿಯಲಾಗದೆ ಬಡವಾಗಿ ಸಾಯುತ್ತದೆ. ಮನುಷ್ಯನಿಗೆ ಎರಡೇ ಸಲ ಹಲ್ಲು. ನಿಮ್ಮ ಕಲ್ಲುಕುಟಿಗ ಇಪ್ಪತ್ತೈದರ ಪ್ರಾಯದಲ್ಲೇ ನಿಂತಿದ್ದಾನೆ ಎಂದುಕೊಂಡರೂ ಜೋಳದ ರೊಟ್ಟಿ ತಿಂದ ಹಲ್ಲಿನ ಎನಾಮಲ್ ಐನೂರು ವರ್ಷ ಬಾಳುವುದಿಲ್ಲ. ಎನಾಮಲ್ ಮತ್ತೆ ಬೆಳೆಯುವಂಥದ್ದಲ್ಲ. ಒಂದೋ ಅವನಿಗೆ ಮತ್ತೆ ಮತ್ತೆ ಹಲ್ಲು ಹುಟ್ಟಬೇಕು, ಇಲ್ಲವೇ ಶತಮಾನಗಳ ಕಾಲ ಅಂಬಲಿ ಕುಡಿದಿರಬೇಕು. ಹೊಸ ಹಲ್ಲು ಮೂಡಿಸುವ ಔಷಧಿಯ ಪ್ರಯೋಗ ಮನುಷ್ಯರ ಮೇಲೆ ಜಪಾನಿನ ಕ್ಯೋಟೊದಲ್ಲಿ 2024ರಲ್ಲಿ ಶುರುವಾಗಿದೆ, ಆದ್ದರಿಂದ ಇದು ಬರೀ ಕಲ್ಪನೆಯೂ ಅಲ್ಲ.

ಶ್ವಾಸಕೋಶದ ಮಾತನ್ನೂ ಬಿಡಬೇಡಿ. ಕಣಶಿಲೆಯ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕಲೆಗಟ್ಟುತ್ತದೆ. ಸಿಲಿಕೋಸಿಸ್ ಎಂಬ ಆ ಕಾಯಿಲೆ ಮುಪ್ಪಿಗೆ ಕಾಯುವುದಿಲ್ಲ, ಹಿಂದಕ್ಕೆ ತಿರುಗುವುದೂ ಇಲ್ಲ. ಹಂಪಿಯ ಬಂಡೆಗಳ ಮೇಲೆ ಸಾಲಾಗಿ ಬೆಣೆಯ ತೂತು ಕಾಣುತ್ತವಲ್ಲ, ಅವನ್ನು ಕೊರೆದವರ ಎದೆಯಲ್ಲಿ ಏನೇನು ಕೂತಿತ್ತೋ ಎಂದು ಅಲ್ಲಿ ನಡೆಯುವಾಗೆಲ್ಲ ನನಗೆ ಅನ್ನಿಸುತ್ತದೆ.

ಮನಸ್ಸಿನ ವಿಷಯಕ್ಕೆ ಬರೋಣ. ನಿಮ್ಮ ಕಾದಂಬರಿಯ ಗಟ್ಟಿ ಜಾಗ ಇದೇ. ನಿಮ್ಮೂರಿನ ಅಣೆಕಟ್ಟನ್ನೇ ನೋಡಿ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಹೊಳೆ ಭೋರ್ಗರೆಯುತ್ತಿರುವಾಗಲೇ ವಾರದೊಳಗೆ ಅಲ್ಲಿ ಸ್ಟಾಪ್ ಲಾಗ್ ಇಳಿಸಿ ನೀರು ಹಿಡಿದರು. ಗೇಟು ಬಿಡಿಭಾಗ, ಹೋದರೆ ಇನ್ನೊಂದು ತಂದು ಕೂರಿಸಬಹುದು. ಆದರೆ 1953ರಿಂದ ತಳದಲ್ಲಿ ಕೂರುತ್ತಾ ಬಂದ ಹೂಳಿನಿಂದ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿಯಿಂದ 105ರ ಹತ್ತಿರಕ್ಕೆ ಇಳಿದಿದೆ, ಅದನ್ನು ತೆಗೆಯುವ ದಾರಿ ಇನ್ನೂ ಯಾರಿಗೂ ಸಿಕ್ಕಿಲ್ಲ. ದೇಹದಲ್ಲೂ ಇವೆರಡೂ ಇವೆ. ಚರ್ಮ, ರಕ್ತ, ಕರುಳಿನ ಒಳಪದರ ಗೇಟಿನ ಜಾತಿಯವು. ಮಿದುಳಿನ ಹೊರಪದರದ ನರಕೋಶಗಳು ಹಾಗಲ್ಲ, ಹುಟ್ಟಿದಾಗ ಬಂದವೇ ಕೊನೆಯವರೆಗೆ. ಅವನ್ನು ಹೊಸದಾಗಿ ತಂದು ಕೂರಿಸಿದರೆ ಕೋಶವೇನೋ ಹೊಸದಾಗುತ್ತದೆ, ಅದರಲ್ಲಿದ್ದ ಕೊಂಡಿಗಳು, ಅಂದರೆ ನೆನಪುಗಳು, ಹೋಗುತ್ತವೆ.

ಹಾಗಾಗಿ ನಿಮ್ಮ ನಾಯಕ ನಡೆದಾಡುವ ಇತಿಹಾಸದ ಪುಸ್ತಕವಾಗಿರಲಾರ. ಹೆಚ್ಚಿನ ಕತೆಗಾರರು ಇಲ್ಲಿ ಸುಲಭದ ದಾರಿ ಹಿಡಿಯುತ್ತಾರೆ: ದೀರ್ಘಾಯುವನ್ನು ಮಾತಾಡಿಸಿದರೆ ಸಾಕು, 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯೆಸ್ ಕಂಡ ಬೀದಿಗಳನ್ನೆಲ್ಲ ಅವನು ಬಣ್ಣಿಸುತ್ತಾನೆ. ನೆನಪು ಹಾಗೆ ಕೆಲಸ ಮಾಡುವುದಿಲ್ಲ. ಪ್ರತಿ ಸಲ ನೆನೆದಾಗಲೂ ಮಿದುಳು ಅದನ್ನು ಹೊಸದಾಗಿ ಕಟ್ಟುತ್ತದೆ, ಕಟ್ಟುವಾಗ ತಿದ್ದುತ್ತದೆ. 1565ರ ಜನವರಿಯಲ್ಲಿ ತಾಳಿಕೋಟೆಯ ಸೋಲಿನ ಸುದ್ದಿ ಬಂದು ಊರು ಖಾಲಿಯಾದದ್ದನ್ನು ಅವನು ಸಾವಿರ ಸಲ ಹೇಳಿದ್ದರೆ, ಈಗ ಅವನಲ್ಲಿ ಉಳಿದಿರುವುದು ಕೊನೆಯ ಸಲ ಹೇಳಿದ್ದು. ನಡುವೆ ಗೈಡುಗಳ ಮಾತು, ಸಿನಿಮಾ, ಪಠ್ಯಪುಸ್ತಕ ಎಲ್ಲ ಬೆರೆತಿರುತ್ತದೆ. ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ ತಮ್ಮ ಮಂಗಳಗ್ರಹದ ಕಾದಂಬರಿಗಳಲ್ಲಿ, ವಿಶೇಷವಾಗಿ 1996ರ ‘ಬ್ಲೂ ಮಾರ್ಸ್’ನಲ್ಲಿ, ಈ ಸಮಸ್ಯೆಯನ್ನು ಪ್ರಾಮಾಣಿಕವಾಗಿ ಎದುರಿಸಿದ್ದಾರೆ. ಚಿಕಿತ್ಸೆಯಿಂದ ಎರಡು ಶತಮಾನ ದಾಟಿದವರಿಗೆ ತಮ್ಮದೇ ಮೊದಲ ಬದುಕು ಕೈತಪ್ಪಿ ಹೋಗಿರುತ್ತದೆ.

ಆದರೆ ಕೈಯ ನೆನಪು ಬೇರೆ. ಉಳಿ ಹಿಡಿಯುವ ಕೋನ, ಸುತ್ತಿಗೆಯ ಪೆಟ್ಟಿನ ತೂಕ, ಕಲ್ಲಿನ ಸದ್ದಿನಿಂದ ಒಳಬಿರುಕು ತಿಳಿಯುವುದು, ಇಂಥ ಕಸುಬಿನ ಕಲಿಕೆಯನ್ನು ಮಿದುಳು ಬೇರೆ ಕಡೆ ಇಡುತ್ತದೆ. ಮರೆವಿನ ಕಾಯಿಲೆ ಬಂದ ಎಷ್ಟೋ ಹಿರಿಯರು ಮಕ್ಕಳ ಹೆಸರು ಮರೆತರೂ ಹೂ ಕಟ್ಟುವುದನ್ನು ಮರೆಯದಿರುವುದು ಇದರಿಂದಲೇ. ನಿಮ್ಮ ಕಲ್ಲುಕುಟಿಗನಿಗೆ ಹೆತ್ತವ್ವನ ಮುಖ ಅಳಿಸಿಹೋಗಿರಲಿ, ಬೆಣೆಯ ತೂತು ಹಾಕುವ ಅಳತೆ ಮಾತ್ರ ಅವನ ಕೈಗೆ ಗೊತ್ತಿರಲಿ. ಈ ಪಾತ್ರವನ್ನು ನಾನು ನಂಬುತ್ತೇನೆ.

ಇನ್ನು ಲೆಕ್ಕ. ಮುಪ್ಪಿಲ್ಲದವನಿಗೂ ಸಾವಿದೆ. ಇಂದಿನ ಆರೋಗ್ಯವಂತ ಯುವಕನಂತೆ ವರ್ಷಕ್ಕೆ ಸಾವಿರಕ್ಕೊಂದು ಅಪಾಯ ಸದಾ ಇದ್ದರೆ, ಐನೂರು ವರ್ಷ ದಾಟುವ ಸಂಭವ ನೂರಕ್ಕೆ ಅರವತ್ತು. ಆದರೆ ಅವನು ದಾಟಿ ಬಂದದ್ದು ಯಾವ ಕಾಲಗಳನ್ನು? 1565ರ ಸುಲಿಗೆ, ಸಿಡುಬು, ಕಾಲರಾ, ಬಳ್ಳಾರಿ ಸೀಮೆಯನ್ನು ಎಲ್ಲಕ್ಕಿಂತ ಕ್ರೂರವಾಗಿ ಹಿಂಡಿದ 1876–78ರ ಧಾತು ಸಂವತ್ಸರದ ಬರ, ಪ್ಲೇಗು, 1918ರ ಇನ್‌ಫ್ಲುಯೆಂಜಾ. ಅಪಾಯವನ್ನು ಉದಾರವಾಗಿ ನೂರಕ್ಕೊಂದು ಎಂದುಕೊಂಡರೂ ಸಾವಿರ ಚಿರಯುವಕರಲ್ಲಿ ಇಂದು ಉಳಿಯುವವರು ಆರೇಳು ಮಂದಿ. ಕತೆಯಲ್ಲಿ ನಿಮ್ಮ ನಾಯಕ ಒಬ್ಬನೇ ಹುಟ್ಟಿದವನಾಗಿರಬೇಕಿಲ್ಲ. ಅವನಂಥವರು ಒಂದು ಕೇರಿಯಷ್ಟೇ ಇದ್ದು, ಹೆಚ್ಚಿನವರು ಧಾತು ಬರದಲ್ಲಿ ಹಸಿದು ಸತ್ತಿದ್ದರೆ ಅದೇ ಹೆಚ್ಚು ನಿಜ. ಮುಪ್ಪು ಮುಟ್ಟದ ಮೈಯೂ ಹಸಿವಿನ ಮುಂದೆ ನಿಲ್ಲುವುದಿಲ್ಲ.

ಹಸಿವು ಯಾರ ಪಾಲಿಗೆ, ಉಳಿವು ಯಾರ ಪಾಲಿಗೆ ಎಂಬ ಮಾತಿನಿಂದ ಒಂದು ಕಾದಂಬರಿಯೂ ಅದರ ಬೆನ್ನಿಗೇ ಸಂಡೂರೂ ನೆನಪಾಗುತ್ತವೆ. ಜಾನ್ ವಿಂಡಮ್ 1960ರಲ್ಲಿ ‘ಟ್ರಬಲ್ ವಿತ್ ಲೈಕನ್’ ಎಂಬ ಕಾದಂಬರಿ ಬರೆದ. ಕಲ್ಲುಹೂವಿನ ಜಾತಿಯ ಒಂದು ಲೈಕನ್‌ನಿಂದ ಮುಪ್ಪು ನಿಧಾನಗೊಳಿಸುವ ವಸ್ತು ಸಿಗುತ್ತದೆ, ಆದರೆ ಅದು ಎಲ್ಲರಿಗೂ ಸಾಲದಷ್ಟು ಕಡಿಮೆ. ಯಾರಿಗೆ ಕೊಡಬೇಕು? ಹಂಪಿಯ ಬಂಡೆಗಳ ಮೇಲೂ ಲೈಕನ್ ಹಬ್ಬಿದೆ, ನಿಮ್ಮ ಕತೆಗೆ ಬೇಕಿದ್ದರೆ ಅಲ್ಲೇ ಔಷಧಿ ಹುಟ್ಟಿಸಿಕೊಳ್ಳಿ. ಆದರೆ ವಿಂಡಮ್‌ನ ಪ್ರಶ್ನೆಯನ್ನು ಬಿಡಬೇಡಿ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವ ಮುಂಚಿನ ವರ್ಷಗಳಲ್ಲಿ ಸಂಡೂರಿನ ಅದಿರು ಕೆಲವರನ್ನು ಎಲ್ಲಿಗೋ ಒಯ್ದಿತು. ಲಾರಿಗಳ ಕೆಂಪು ದೂಳು ಕುಡಿದವರು ಅಲ್ಲೇ ಉಳಿದರು. ದೀರ್ಘಾಯುಸ್ಸಿನ ಔಷಧಿ ನಾಳೆ ಬಂದರೂ ಮೊದಲು ಯಾರ ಕೈಸೇರುತ್ತದೆ ಎಂಬುದು ಆ ರಸ್ತೆಯ ಅಂಚಿನ ಮನೆಗಳವರಿಗೆ ಕೇಳದೆಯೇ ಗೊತ್ತು. ದಾಖಲೆಯಲ್ಲಿ ವಯಸ್ಸು ಸರಿಯಿಲ್ಲವೆಂದು ಸಂಧ್ಯಾ ಸುರಕ್ಷೆಯ ಪಿಂಚಣಿಗೇ ಅಲೆಯುವ ಮುದುಕರಿರುವ ನಾಡಿನಲ್ಲಿ, ಐನೂರು ವರ್ಷದ ಆಯುಸ್ಸಿಗಿಂತ ಎಪ್ಪತ್ತನ್ನು ಎಲ್ಲರಿಗೂ ನೋವಿಲ್ಲದೆ ಮುಟ್ಟಿಸುವುದು ನನಗೆ ದೊಡ್ಡ ಕನಸಾಗಿ ಕಾಣುತ್ತದೆ.

ಸಾಧ್ಯವೇ ಎಂಬುದಕ್ಕೆ ನೇರ ಉತ್ತರ: ಇಂದು ಸಾಧ್ಯವಿಲ್ಲ, ಆದರೆ ನಿಷೇಧಿಸುವ ನಿಸರ್ಗ ನಿಯಮ ಯಾವುದೂ ಇಲ್ಲ. 1993ರಲ್ಲಿ ಸಿಂಥಿಯಾ ಕೆನ್ಯನ್ ಒಂದೇ ಜೀನಿನ ಬದಲಾವಣೆಯಿಂದ ಒಂದು ಬಗೆಯ ಹುಳದ ಆಯುಸ್ಸು ಇಮ್ಮಡಿಯಾಗುವುದನ್ನು ಕಂಡರು. 2009ರಲ್ಲಿ ರಾಪಾಮೈಸಿನ್ ಎಂಬ ಔಷಧಿ ಮುದಿ ಇಲಿಗಳ ಆಯುಸ್ಸನ್ನು ನೂರಕ್ಕೆ ಹತ್ತರ ಆಸುಪಾಸು ಹೆಚ್ಚಿಸಿತು. 2006ರಲ್ಲಿ ಶಿನ್ಯಾ ಯಮನಾಕ ನಾಲ್ಕು ಜೀನುಗಳಿಂದ ಬೆಳೆದ ಕೋಶವನ್ನು ಭ್ರೂಣದ ಕೋಶದಂಥ ಸ್ಥಿತಿಗೆ ಹಿಂದೆ ಕೊಂಡೊಯ್ದರು. ಹುಳದಲ್ಲಿ ಇಮ್ಮಡಿ, ಇಲಿಯಲ್ಲಿ ಹತ್ತರಷ್ಟು. ಪ್ರಾಣಿ ದೊಡ್ಡದಾದಂತೆ ಫಲ ಕುಗ್ಗುತ್ತಾ ಬಂದಿದೆ ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ಕೊನೆಗೆ ನಿಮ್ಮ ಕತೆಗೊಂದು ಎಳೆ ಕೊಡುತ್ತೇನೆ. ಅವನ ವಯಸ್ಸು ಬಯಲಾಗುವುದು ಹೇಗೆ? ಗ್ರೀನ್‌ಲ್ಯಾಂಡ್ ಶಾರ್ಕ್ ಕನಿಷ್ಠ 272 ವರ್ಷ ಬದುಕಬಲ್ಲದು ಎಂದು 2016ರಲ್ಲಿ ಪತ್ತೆ ಮಾಡಿದ್ದು ಅದರ ಕಣ್ಣಿನ ಮಸೂರದಿಂದ. ಮಸೂರದ ನಡುವಿನ ಪ್ರೋಟೀನು ತಾಯ ಹೊಟ್ಟೆಯಲ್ಲೇ ಕಟ್ಟಿಕೊಂಡು ಆಮೇಲೆ ಬದಲಾಗುವುದಿಲ್ಲ, ನಮ್ಮಲ್ಲೂ ಹಾಗೆಯೇ. ಅದರಲ್ಲಿರುವ ಕಾರ್ಬನ್-14 ಅಳೆದರೆ ಹುಟ್ಟಿದ ಕಾಲ ಸಿಗುತ್ತದೆ. ಕಲ್ಲಿನ ಚಕ್ಕೆ ಸಿಡಿದು ಪೆಟ್ಟಾದ ಕಣ್ಣಿಗೆ ಪ್ರಾಯದಲ್ಲೂ ಪೊರೆ ಬರುತ್ತದೆ. ನಿಮ್ಮ ನಾಯಕ ಪೊರೆ ತೆಗೆಸಲು ಉಚಿತ ನೇತ್ರ ಶಿಬಿರಕ್ಕೆ ಬರಲಿ. ಆದರೆ ಮಸೂರವನ್ನು ಪುಡಿ ಮಾಡಿ ಹೀರುವ ಫೇಕೊ ವಿಧಾನ ಬೇಡ. ಶಿಬಿರಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಎಸ್‌ಐಸಿಎಸ್ ವಿಧಾನದಲ್ಲಿ ಅದರ ನಡುಗಟ್ಟಿ ಇಡಿಯಾಗಿ ಹೊರಬರುತ್ತದೆ. ಅದನ್ನು ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಂಥ ಕಡೆಗೆ ಯಾರಾದರೂ ಕುತೂಹಲಿ ವೈದ್ಯೆ ಕಳಿಸಲಿ. ಐನೂರು ವರ್ಷದಲ್ಲಿ ಕಾರ್ಬನ್-14 ನೂರಕ್ಕೆ ಆರರಷ್ಟು ಕ್ಷಯಿಸಿರುತ್ತದೆ, ಯಂತ್ರಕ್ಕೆ ಅಷ್ಟು ಸಾಕು. ಆದರೆ ಆ ಶತಮಾನಗಳಲ್ಲಿ ವಾತಾವರಣದ ಕಾರ್ಬನ್-14 ಏರಿಳಿದಿದ್ದರಿಂದ ವರದಿಯಲ್ಲಿ ಒಂದೇ ವರ್ಷ ಬರುವುದಿಲ್ಲ. ಸುಮಾರು 1450ರಿಂದ 1640ರ ನಡುವೆ ಎಂದು ಬರುತ್ತದೆ. ಹುಟ್ಟಿದ್ದು ಕೃಷ್ಣದೇವರಾಯನ ಕಾಲದಲ್ಲೋ ತಾಳಿಕೋಟೆಯ ನಂತರವೋ ಎಂಬುದನ್ನು ಆ ವೈದ್ಯೆ ಬೇರೆ ದಾರಿಯಿಂದ ತಿಳಿಯಬೇಕು. ಅವನ ಕೈಗೆ ಉಳಿ-ಸುತ್ತಿಗೆ ಕೊಟ್ಟು ಒಂದು ಬೆಣೆಯ ತೂತು ಹಾಕಿಸಿ, ಅದನ್ನು ಹಂಪಿಯ ತೂತುಗಳ ಪಕ್ಕದಲ್ಲಿಟ್ಟು ಅಳೆಯಲಿ.